ಕಣಿ ಕೂಡುವ ಹೊತ್ತು

ನನ್ನ ಓರಗಿತ್ತಿ ದೇವೀರಕ್ಕ ಬಟ್ಟೆಗೆ ಬಣ್ಣ ಕಟ್ಟುವ ಬಣ್ಣದ ಮನೆಯಲ್ಲಿ ಕಣಿ ಕೂರುತ್ತಿದ್ದಳು. ಅವಳ ಮಗ್ಗುಲಲ್ಲಿ ಕೂತು, ಅವಳು ಕಂಡದ್ದನ್ನು ಮಾತಿನ ಕೊಳವೆಯಲ್ಲಿ ಉಳಿದ ಮನೆಗಳಿಗೆ ಕೂಗಿ ಹೇಳುವುದು ನನ್ನ ಕೆಲಸ. ನಮ್ಮೂರನ್ನು ನೋಡದವರಿಗೆ ಇಷ್ಟು ಹೇಳಿದರೆ ಸಾಕು: ಊರಿಗೆಲ್ಲ ಬಾಯ್ಲರ್ ಒಂದೇ. ಅದರ ಹಬೆ ಮೊದಲು ಕಾಗದದ ಗಿರಣಿಗೆ, ಅಲ್ಲಿಂದ ನಮ್ಮ ಬಣ್ಣದ ಮನೆಗೆ, ನಮ್ಮಿಂದ ಸೋಪಿನ ಮನೆಗೆ ಹೋಗಿ, ನೀರಾಗಿ ಮತ್ತೆ ಬಾಯ್ಲರಿಗೇ ಬರುತ್ತದೆ. ಒಬ್ಬರು ವಾಲ್ವ್ ಬಿಗಿದರೆ ಇನ್ನೊಬ್ಬರ ಮನೆಯಲ್ಲಿ ಉಕ್ಕುತ್ತದೆ, ಒಬ್ಬರು ಬಿಟ್ಟರೆ ಮತ್ತೊಬ್ಬರದು ಆರುತ್ತದೆ. ಆದ್ದರಿಂದ ಮನೆಗೊಬ್ಬ ಕಣಿ. ದೊಡ್ಡ ಕೊಳವೆಯ ಮೇಲೆ ಅಂಗೈ ಇಟ್ಟರೆ ಆ ಮನೆಯ ಮುಂದಿನ ಹೊತ್ತು ಅವರಿಗೆ ಕಾಣುತ್ತದೆ. ತಮ್ಮ ಮನೆಯದು ಮಾತ್ರ, ಪಕ್ಕದ ಮನೆಯದು ಕಾಣದು.

ಅದಕ್ಕೇ ಈ ಕೂಗಾಟ. ನಾವು ವಾಲ್ವಿನ ಚಕ್ರವನ್ನು ಇಷ್ಟು ತಿರುಗಿಸುತ್ತೇವೆ ಎಂದು ನಾನು ಹೇಳಿದರೆ ಮಿಕ್ಕವರು ಮತ್ತೆ ಅಂಗೈ ಇಟ್ಟು ನೋಡುತ್ತಿದ್ದರು. ಅವರಿಗೆ ಮೊದಲು ಕಂಡದ್ದು ಅಷ್ಟರಲ್ಲಿ ಬದಲಾಗಿರುತ್ತಿತ್ತು. ಅವರು ಹೇಳಿದ್ದನ್ನು ಕೇಳಿ ದೇವೀರಕ್ಕ ಮತ್ತೆ ನೋಡುತ್ತಿದ್ದಳು. ಹೀಗೆ ಸುತ್ತಿನ ಮೇಲೆ ಸುತ್ತು ನಡೆದು, ಯಾರ ಕಣಿಯೂ ಅಲುಗದೆ ನಿಂತಾಗ, ಬಾಯ್ಲರ್ ಮನೆಯ ಹಿರಿಯ ಕಣಿ ಈರಭದ್ರಪ್ಪನವರು "ಕೂಡಿತು" ಎನ್ನುತ್ತಿದ್ದರು. ಆಮೇಲೆ ಚಕ್ರಕ್ಕೆ ಕೈ. ತಿರುಗಿಸುವುದೂ ಒಂದಿಷ್ಟೇ. ಮತ್ತೆ ಅಂಗೈ, ಮತ್ತೆ ಸುತ್ತು. ಕಣಿ ಕೂಡದೆ ಚಕ್ರ ಮುಟ್ಟಬಾರದೆಂಬುದು ಊರಿನ ಕಟ್ಟು.

ಕಾಯುವುದು ನಮ್ಮ ಜನಕ್ಕೆ ಹುಟ್ಟಿನಿಂದಲೇ ಬಂದದ್ದು. ದಾರಿಯಲ್ಲಿ ಎದುರಾದವರು "ಊಟ ಆಯ್ತಾ" ಎನ್ನುವ ಬದಲು "ಕೂಡ್ತಾ" ಎನ್ನುತ್ತಾರೆ. ಕಣಿ ಕೂರುವ ಹೆಂಗಸಿಗೆ ಒಲೆಯ ಮೇಲಿನ ಪಾತ್ರೆ ಇಳಿಸಲು ಬಟ್ಟೆ ಬೇಡ. ಅಂಗೈ ಅಷ್ಟು ದಡ್ಡುಗಟ್ಟಿರುತ್ತದೆ. ಆದರೆ ಮಗುವಿನ ಮೈ ಕಾದಿದೆಯೋ ಇಲ್ಲವೋ ಅವಳಿಗೆ ತಿಳಿಯದು. ಮಗಳು ಜಯಶೀಲಳಿಗೆ ಮೈ ಸರಿಯಿಲ್ಲದಾಗಲೆಲ್ಲ ದೇವೀರಕ್ಕ ಗೋಡೆಯಾಚೆಯಿಂದ ನನ್ನನ್ನು ಕರೆಯುತ್ತಿದ್ದಳು. "ಚಂದ್ರಿ, ನೀನೇ ಮುಟ್ಟಿ ಹೇಳವ್ವ. ನನ್ ಕೈಗೆ ಎಲ್ಲಾ ತಣ್ಣಗೇ ಇರ್ತದೆ."

ಅವಳ ಗಂಡ, ನನ್ನ ಭಾವ ಮರಿಸ್ವಾಮಿ, ಅದೇ ಬಣ್ಣದ ಮನೆಯಲ್ಲಿ ತೊಟ್ಟಿಗಳ ಮೇಸ್ತ್ರಿ. ಒಂದು ಚಳಿಗಾಲದ ಮಧ್ಯಾಹ್ನ ನೀಲಿ ತೊಟ್ಟಿಯ ಕೆಳಗಿನ ಮೋರಿ ಕಟ್ಟಿಕೊಂಡಿದೆಯೆಂದು ಅವರು ಒಳಗಿಳಿದಿದ್ದರು. ಮೇಲೆ ಕಣಿ ಸುತ್ತು ನಡೆದಿತ್ತು. ಇದ್ದಕ್ಕಿದ್ದ ಹಾಗೆ ದೇವೀರಕ್ಕನ ಕುತ್ತಿಗೆಯ ನರ ಉಬ್ಬಿತು.

"ಹೇಳು ಚಂದ್ರಿ. ನೀಲಿ ತೊಟ್ಟಿ ಬಾಯ್ ಬಿಡ್ತದೆ. ನಾವು ಪೂರಾ ಬಿಗೀಬೇಕು."

ನಾನು ಕೂಗಿದೆ. ಕಾಗದದ ಗಿರಣಿಯ ಕಣಿ ಖೈರುಂಬಿಯ ಉತ್ತರ ಬಂತು: "ಪೂರಾ ಬಿಗೀಬೇಡಿ, ನಮ್ಮ ಉರುಳೆ ಸಿಡೀತದೆ. ಅರ್ಧ ಬಿಗೀರಿ, ನೋಡ್ತೀನಿ." ಸೋಪಿನ ಮನೆಯಿಂದ ಇನ್ನೊಂದು ಮಾತು ಬಂತು. ಮತ್ತೆ ಸುತ್ತು. ದೇವೀರಕ್ಕ ಕೊಳವೆಯಿಂದ ಕೈ ತೆಗೆಯದೆಯೇ ಕೆಳಗಿನವರಿಗೆ ಕೂಗಿಕೊಂಡಳು. ತೊಟ್ಟಿಯ ಸುತ್ತ ಇದ್ದವರು ಓಡಿದರು. ಮೋರಿಯೊಳಗಿದ್ದ ಭಾವನಿಗೆ ಕೂಗು ಮುಟ್ಟಲಿಲ್ಲ. ಚಕ್ರ ಹಿಡಿದು ನಿಂತಿದ್ದ ಪುಟ್ಟಯ್ಯ ಅವಳ ಮುಖ ನೋಡಿದ.

"ಅಕ್ಕಾ, ತಿರುಗಿಸ್ಬುಡ್ಲಾ?"

"ತಡಿ," ಅಂದಳು ಅವಳು. "ಅಲ್ಲಿ ಖೈರುಂಬಿ ಕಡೆ ಜನ ಅವ್ರೆ."

ಈರಭದ್ರಪ್ಪನವರ "ಕೂಡಿತು" ಬಂದಾಗ ನೀಲಿ ನೀರು ಆಗಲೇ ನೆಲದ ಮೇಲೆ ಹರಿಯುತ್ತಿತ್ತು. ಭಾವನ ಹೆಣದ ಮೇಲಿನ ಬಣ್ಣ ತೊಳೆದರೂ ಹೋಗಲಿಲ್ಲ. ಹಾಗೆಯೇ ಮಣ್ಣು ಮಾಡಿದೆವು. ಆಗುವುದಕ್ಕೆ ಮೊದಲೇ ಅದನ್ನೆಲ್ಲ ಒಮ್ಮೆ ನೋಡಿದ್ದ ದೇವೀರಕ್ಕ ಅಳಲಿಲ್ಲ. ಅಳು ಅವಳಿಗೆ ಆಗಲೇ ಹಳೆಯದಾಗಿತ್ತೇನೋ.

ತಿಥಿಯ ದಿನ ಊಟ ಮುಗಿಸಿ ಎಲೆ ಎತ್ತಿದ ಮೇಲೆ, ಅವಳು ನಾಲ್ಕೂ ಮನೆಯ ಕಣಿಗಳನ್ನು ಹಿತ್ತಿಲ ಕಟ್ಟೆಯ ಮೇಲೆ ಕೂರಿಸಿದಳು. ಯಾರನ್ನೂ ದೂರಲಿಲ್ಲ.

"ನಮ್ ಕಣಿ ತಪ್ಪಾಗಿರ್ಲಿಲ್ಲ, ತಡವಾಗಿತ್ತು. ಆ ದಿನದಿಂದ ಅದನ್ನೇ ಯೋಚ್ನೆ ಮಾಡ್ತಾ ಇವ್ನಿ. ಪ್ರತಿ ಸಲ ಬರೀ ಕೈಯಿಂದ ಯಾಕೆ ಶುರು ಮಾಡ್ಬೇಕು? ಹಿಂದಿನ ಸಲ ಕೂಡಿದ ಮಾತು ಇನ್ನೂ ಹಳಸಿರಲ್ಲ. ಅಲ್ಲಿಂದ ಶುರು ಮಾಡಾಣ. ಆಮೇಲೆ, ದೀಪ ಹಚ್ಚೋ ಹೊತ್ತಿನವರ್ಗೂ ನೋಡೋದ್ಯಾಕೆ? ಅಷ್ಟು ದೂರ ಕಣ್ ಹಾಯ್ಸೋಕೇ ಹೊತ್ತೆಲ್ಲಾ ಹೋಗ್ತದೆ. ಒಂದ್ ತಪ್ಪಲೆ ಅನ್ನ ಬೇಯೋವರ್ಗೂ ಕಂಡ್ರೆ ಸಾಕು. ಹೆಂಗೂ ಮತ್ತೆ ಮತ್ತೆ ನೋಡ್ತಾನೇ ಇರ್ತೀವಲ್ಲ. ಇನ್ನೊಂದು, ಪೂರ್ತಿ ಕೂಡೋಗಂಟ ಕಾಯೋದ್ ಬೇಡ. ಎರಡು ಸುತ್ತು ಆದ್ಮೇಲೆ ಚಕ್ರ ತಿರುಗ್ಲಿ."

ಈರಭದ್ರಪ್ಪನವರು ಮಾತು ತೆಗೆದರು. "ಮೊದಲ್ನೇದು ಸರಿ ತಾಯಿ. ಉಳಿದ ಎರಡಕ್ಕೆ ನನ್ ಮನಸ್ಸು ಒಪ್ಪಲ್ಲ. ದೂರದ್ದು ನಾವು ನೋಡ್ದೇ ಹೋದ್ರೆ ದೂರದ್ದು ಇಲ್ಲ ಅಂತಾಗ್ತದಾ?"

"ಇಲ್ಲ ಅಂತಲ್ಲ ಅಪ್ಪಾರೆ. ಹತ್ತಿರದ್ದು ದಾಟಿದ್ರೆ ತಾನೆ ದೂರದ್ದು ಬರೋದು."

ಆ ಹಿತ್ತಿಲಲ್ಲಿ, ಅವತ್ತು, ಅವಳಿಗೆ ಇಲ್ಲವೆನ್ನುವ ಬಾಯಿ ಯಾರಿಗಿತ್ತು? ಒಪ್ಪಿದರು.

ಒಪ್ಪಿದ್ದರಿಂದ ಒಳ್ಳೆಯದೇ ಆಯಿತೆಂದು ಹೇಳಬೇಕು. ಹಬೆ ಎಲ್ಲಿ ಉಬ್ಬಿದರೂ ನಾವು ಅದಕ್ಕಿಂತ ಮೊದಲೇ ಚಕ್ರದ ಮೇಲಿರುತ್ತಿದ್ದೆವು. ವರ್ಷಗಳು ಕಳೆದವು, ಒಬ್ಬರ ಮೈಯೂ ಸುಡಲಿಲ್ಲ. ಬಣ್ಣದ ಮನೆಯಲ್ಲಿ ಕೆಲಸಕ್ಕೆ ಸೇರುವ ಮಗನಿಗೆ ತಾಯಂದಿರು ತಾಯಿತ ಕಟ್ಟುವುದನ್ನು ಬಿಟ್ಟರು. ಬಾಣಂತಿಯರು ಮಗುವನ್ನು ಎತ್ತಿಕೊಂಡು ಬಂದು ದೇವೀರಕ್ಕನ ಕಾಲಿಗೆ ಮುಟ್ಟಿಸುತ್ತಿದ್ದರು. ಅವಳು ಕಾಲು ಎಳೆದುಕೊಳ್ಳುತ್ತಿದ್ದಳು.

ನಾಲ್ಕೂ ಮನೆಗಳ ಮೇಲ್ವಿಚಾರಕ ಶ್ರೀಕಂಠಯ್ಯ ಕೆಟ್ಟ ಮನುಷ್ಯನಲ್ಲ. ಭಾವ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವನೇ. ಅವನು ಗಮನಿಸಿದ್ದು ಒಂದೇ ಸಂಗತಿ: ಕಣಿ ಬೇಗ ಆಗುವುದರಿಂದ ಹಬೆ ಈಗ ಮೊದಲಿನಂತೆ ಹೊಯ್ದಾಡುವುದಿಲ್ಲ, ಹೊಯ್ದಾಡದಿದ್ದರೆ ಇನ್ನಷ್ಟು ಒತ್ತಡದಲ್ಲಿ ಓಡಿಸಬಹುದು. ಸೋಪಿನ ಮನೆಯಲ್ಲಿ ಎರಡನೆಯ ಕಡಾಯಿ ಎದ್ದಿತು. ನಮ್ಮ ತೊಟ್ಟಿಗಳು ಮೊದಲಿಗಿಂತ ಜೋರಾಗಿ ಕುದಿಯತೊಡಗಿದವು. ಆಮೇಲೆ ಒಂದು ದಿನ ಅವನು ದೇವೀರಕ್ಕನ ಜಗಲಿಗೆ ಬಂದು ಕೂತ.

"ಎರಡು ಸುತ್ತಿನ ಬದ್ಲು ಒಂದು ಮಾಡಿದ್ರೆ ಹೇಗಮ್ಮ? ಪಕ್ಕದ ಮನೆಯವರು ಹೋದ ಸಲ ಏನ್ ಹೇಳಿದ್ರೋ ಅದನ್ನೇ ನಂಬಿ ತಿರುಗಿಸೋದು. ಕೆಲಸ ಬೇಗ ಮುಗೀತದೆ. ಮುಗಿದ ಕೂಡ್ಲೆ ಎಲ್ಲರನ್ನೂ ಮನೆಗೆ ಬಿಟ್ಬಿಡ್ತೀನಿ. ಜನಕ್ಕೆ ಹಗಲು ಹೊತ್ತು ಸಿಗ್ತದೆ."

ಅವಳು ಎರಡು ದಿನ ಬೇಡವೆಂದಳು. ಮೂರನೆಯ ದಿನ ತೊಟ್ಟಿಯ ಕೆಲಸದವರ ಹೆಂಡಂದಿರು ಬಂದು ಕೇಳಿಕೊಂಡರು. ಗಂಡನ ಮುಖವನ್ನು ಬಿಸಿಲಲ್ಲಿ ನೋಡಿ ಎಷ್ಟು ಕಾಲವಾಯಿತು ಅಂದಳು ಒಬ್ಬಳು. ಆ ಮಾತಿಗೆ ದೇವೀರಕ್ಕ ಸೋತಳು. ಅಂದಿನಿಂದ ಬಿಸಿಲು ಇಳಿಯುವ ಮೊದಲೇ ಗಂಡಸರು ಬೀದಿಯಲ್ಲಿ ಮಕ್ಕಳ ಜೊತೆ ಕಾಣತೊಡಗಿದರು. ಅದನ್ನು ನೋಡಲು ನನಗೂ ಚೆನ್ನಾಗಿತ್ತು.

ಅಷ್ಟರಲ್ಲಿ ಜಯಶೀಲ ಬೆಳೆದಿದ್ದಳು. ಅವಳ ಅಂಗೈಗೂ ಕಣಿ ಬಂದಿತ್ತು. ಸೋಪಿನ ಮನೆಯ ಕಣಿ ಮುದುಕಿ ಕೆಲಸ ಬಿಟ್ಟಾಗ ಇವಳನ್ನೇ ಕೂರಿಸಿದರು. ಈರಭದ್ರಪ್ಪನವರು ಆಗ ಹಾಸಿಗೆ ಹಿಡಿದಿದ್ದರು. ನೋಡಲು ಹೋದ ದೇವೀರಕ್ಕನಿಗೆ, "ನಿನ್ ಮಗಳಿಗೆ ದೂರ ನೋಡೋದು ಕಲ್ಸವ್ವ. ಬೇಕಾಗ್ಲಿ ಬಿಡ್ಲಿ, ಕೈಲಿ ಇರ್ಲಿ. ಎಳೇ ಕೈಗಾದ್ರೆ ಬೇಗ ಹತ್ತತದೆ," ಎಂದರು.

"ಬ್ಯಾಡಿ ಅಪ್ಪಾರೆ. ಆ ದೂರ ನಾನ್ ನೋಡಿದ್ದೇ ಸಾಕು. ಅವಳಾದ್ರೂ ಅನ್ನ ಬೇಯೋಗಂಟ ನೋಡ್ಕಂಡು ನೆಮ್ಮದಿಯಾಗಿರ್ಲಿ."

ಆ ಮಳೆಗಾಲ ದಾಟಲಿಲ್ಲ ಅವರು. ಅವರ ಜಾಗಕ್ಕೆ ಬಂದವನೂ ಹೊಸ ಕಾಲದವನೇ. ದೂರದ ಕಣಿ ಬಲ್ಲವರೆಂದರೆ ಖೈರುಂಬಿ ಮತ್ತು ದೇವೀರಕ್ಕ, ಇಬ್ಬರೇ ಉಳಿದರು. ಅವರಿಗೂ ಅದರ ಕೆಲಸವೇ ಬೀಳಲಿಲ್ಲ.

ಒಂದು ಬೆಳಗ್ಗೆ ನಾವು ಚಕ್ರ ಸ್ವಲ್ಪ ಬಿಟ್ಟೆವು, ಸೋಪಿನ ಮನೆಯವರು ಬಿಗಿದಿರುತ್ತಾರೆಂಬ ನಂಬಿಕೆಯಿಂದ. ಅವರು ನಾವು ಬಿಗಿದಿರುತ್ತೇವೆಂದು ನಂಬಿ ಬಿಟ್ಟಿದ್ದರು. ಅದು ತಿಳಿದ ಕೂಡಲೇ ಇಬ್ಬರೂ ಬಿಗಿದೆವು. ಬಿಗಿದದ್ದು ಹೆಚ್ಚಾಯಿತೆಂದು ಇಬ್ಬರೂ ಬಿಟ್ಟೆವು. ಕಿರಿದಾದ ಓಣಿಯಲ್ಲಿ ಎದುರುಬದುರಾದ ಇಬ್ಬರು ದಾರಿ ಬಿಡಲು ಹೋಗಿ ಒಂದೇ ಪಕ್ಕಕ್ಕೆ ಸರಿಯುವ ಹಾಗೆ. ಪ್ರತಿ ಸಲವೂ ಕಣಿಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಆದರೂ ಕೊಳವೆ ಕೆಮ್ಮುವ ಸದ್ದು ಸಲದಿಂದ ಸಲಕ್ಕೆ ಜೋರಾಯಿತು. ಪುಟ್ಟಯ್ಯನ ಕೈಯಲ್ಲಿ ಚಕ್ರ ನಡುಗುತ್ತಿತ್ತು.

"ತಡಿ ಚಂದ್ರಿ, ಈ ಸಲ ಏನೂ ಹೇಳ್ಬೇಡ," ಎಂದು ದೇವೀರಕ್ಕ ಕಣ್ಣು ಮುಚ್ಚಿದಳು. ಎರಡೂ ಅಂಗೈ ಕೊಳವೆಗೆ ಒತ್ತಿದಳು. ಬಹಳ ಕಾಲದಿಂದ ಮಾಡದಿದ್ದ ಕೆಲಸ ಮಾಡುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಅವಳು ದೂರ ನೋಡುತ್ತಿದ್ದಳು. ಮುಖದ ಮೇಲೆ ಬೆವರು ಇಳಿದು ಗಲ್ಲದಿಂದ ತೊಟ್ಟಿಕ್ಕಿತು. ಕಣ್ಣು ಬಿಟ್ಟಾಗ ಅವಳ ದನಿ ಸಣ್ಣಗಾಗಿತ್ತು.

"ನಮ್ಮನೆ ಉಳೀತದೆ. ಆದ್ರೆ ಇಲ್ಲಿಂದ ಸೋಪಿನ ಮನೆಗೆ ಹೋಗೋ ಕೊಳವೆ ತಣ್ಣಗಾಗ್ತದೆ. ಆಮೇಲೆ ಬಿಸಿ ಆಗೋದೇ ಇಲ್ಲ. ಸಂಜೆವರ್ಗೂ ನೋಡ್ದೆ."

ಅದರರ್ಥ, ಆ ಮನೆಯೇ ಉಳಿಯುವುದಿಲ್ಲವೆಂದು, ಇಬ್ಬರಿಗೂ ತಿಳಿಯಿತು. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಮಾತಿನ ಕೊಳವೆಗೆ ಬಾಯಿಟ್ಟಳು. ಇನ್ನೊಂದು ಕೈ ಹಬೆಯ ಕೊಳವೆಯ ಮೇಲೇ ಇತ್ತು.

"ಶೀಲಾ, ನಿಂಗೇನ್ ಕಾಣ್ತದೆ?"

"ಚೆನ್ನಾಗೇ ಅದೆ ಕಣಮ್ಮ. ಯಾಕೆ ನೀನು ಮಾತಾಡ್ತಾ ಇದೀಯ, ಚಿಕ್ಕಮ್ಮ ಎಲ್ಲಿ?"

"ಇನ್ನೂ ಮುಂದಕ್ಕೆ ನೋಡು. ಅನ್ನ ಬೆಂದ್ಮೇಲೆ. ನೋಡವ್ವ."

ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. "ಆಮೇಲಿಂದು ಏನೂ ಇಲ್ವಲ್ಲಮ್ಮ. ಮಬ್ಬು ಮಬ್ಬು. ಹೆಂಗ್ ನೋಡೋದು?"

ಹೇಗೆ ನೋಡುವುದೆಂದು ಕೊಳವೆಯಲ್ಲಿ ಹೇಳಿಕೊಡುವ ಹಾಗಿರಲಿಲ್ಲ. ಅದು ಕೈ ಮೇಲೆ ಕೈ ಇಟ್ಟು ವರ್ಷಗಟ್ಟಲೆ ಕಲಿಸುವ ವಿದ್ಯೆ. ದೇವೀರಕ್ಕ ಒಂದು ಕ್ಷಣ ಹಣೆಯನ್ನು ಗೋಡೆಗೆ ಆನಿಸಿದಳು. ಆಮೇಲೆ, "ಕೈ ತೆಗೆದು ಹೊರಗ್ ಬಂದ್ಬುಡು. ಕಡಾಯಿ ನಿಲ್ಲಲ್ಲ. ನನ್ ಮಾತ್ ನಂಬು," ಅಂದಳು.

"ಕೆಳಗೆ ಎಲ್ರೂ ಅವ್ರಲ್ಲಮ್ಮ. ನಾನು ಕೈ ತೆಗೆದ್ರೆ ಚಕ್ರದವ್ನಿಗೆ ಹೇಳೋರು ಯಾರು? ಅವ್ರನ್ನ ಮೊದ್ಲು ಕಳಿಸ್ತೀನಿ ತಡಿ."

"ಅವ್ರನ್ನೂ ಕರ್ಕೊಂಡೇ ಬಾ. ಶೀಲಾ."

ಮಗಳು ಕೊಳವೆಯ ಬಾಯಿ ಬಿಟ್ಟು ಅತ್ತ ತಿರುಗಿ ಅಚ್ಚಿನ ಕೆಲಸದ ಸಾಕಮ್ಮನನ್ನು ಕೂಗುತ್ತಿದ್ದುದು ನಮಗೆ ಕೇಳಿಸಿತು. "ಸಾಕಮ್ಮಾ, ಎಲ್ರನ್ನೂ ಎಬ್ಸು, ಹೊರಗ್ ನಡೀರಿ, ಅಚ್ಚು ಅಲ್ಲೇ ಇರ್ಲಿ ಬಿಡ್ರೀ." ಬಾಗಿಲ ಕಡೆ ಓಡುವ ಕಾಲುಗಳ ಸದ್ದು ಕೇಳಿತು. ಇತ್ತ ನಾನು ಕಿಟಕಿಯಲ್ಲಿ ತಲೆ ಹಾಕಿ ಖೈರುಂಬಿಯ ಕಡೆಗೆ, ಬಾಯ್ಲರಿನ ಕಡೆಗೆ, ಯಾರು ಸಿಕ್ಕರೆ ಅವರಿಗೆ ಕೂಗಿದೆ. ಪೂರ್ತಿ ಕೂಡಿಸಬೇಕು, ಬಾಯ್ಲರಿನ ಒಲೆಯಿಂದ ಬೆಂಕಿ ಹೊರಗೆಳೆಯಿರಿ ಎಂದೆ. ಅವರು ಕೂಡಿಸಲು ಶುರು ಮಾಡಿದರು. ಮೊದಲ ಸುತ್ತು ನಡೆಯುವಾಗಲೇ ನೆಲ ಅದುರಿತು. ದೇವೀರಕ್ಕ ಕೊಳವೆಯ ಮೇಲಿನ ತನ್ನ ಕೈ ನೋಡಿದಳು. ನಾನೂ ಮುಟ್ಟಿದೆ. ಕೊಳವೆ ತಣ್ಣಗಾಗುತ್ತಿತ್ತು.

ಸೋಪಿನ ಮನೆಯ ಮಾಡು ಹಾರಿಹೋಗಿತ್ತು. ಒಳಗೆ ಉಳಿದಿದ್ದವರು ಇಬ್ಬರು, ಚಕ್ರದವನು ಮತ್ತು ಜಯಶೀಲ. ಉಳಿದವರೆಲ್ಲ ಬೀದಿಯಲ್ಲಿ, ಮೈತುಂಬ ಬಿಳಿ ನೊರೆ ಮೆತ್ತಿಕೊಂಡು, ಏನಾಯಿತೆಂದು ತಿಳಿಯದೆ ನಿಂತಿದ್ದರು. ದೇವೀರಕ್ಕನನ್ನು ಒಳಗೆ ಬಿಡಬಾರದೆಂದು ಗಂಡಸರು ಅಡ್ಡ ನಿಂತರು. ಅವಳು ಅವರನ್ನು ದೂಡಲಿಲ್ಲ. ನನ್ನ ಕೈ ಹಿಡಿದುಕೊಂಡು, "ನೀನ್ ಹೋಗಿ ಮುಟ್ಟಿ ನೋಡ್ಬಾ ಚಂದ್ರಿ," ಎಂದಳು. ನಾನು ಹೋಗಿ ಮುಟ್ಟಿದೆ. ಬಂದು ಅವಳ ಎರಡೂ ಕೈ ಹಿಡಿದುಕೊಂಡೆ.

ಹದಿನೈದು ದಿನ ಊರಿನಲ್ಲಿ ಹಬೆ ನಿಂತಿತ್ತು. ಆಮೇಲೆ ಗಿರಣಿಯ ಅಂಗಳದಲ್ಲಿ ಸಭೆ ಸೇರಿತು. ಹಳಬರು ಮೊದಲಿನ ಕಟ್ಟೇ ಇರಲಿ ಅಂದರು. ಅದರಿಂದಲೇ ತನ್ನ ಗಂಡ ಹೋದದ್ದೆಂದು ದೇವೀರಕ್ಕ ಅಂದಳು. ಹಾಗಾದರೆ ಈಗಿನದೇ ಇರಲಿ ಅಂದರು ಕೆಲವರು. ಆಡಿದವರೇ ತಲೆ ತಗ್ಗಿಸಿದರು. ಕೊನೆಗೆ ಅವಳು ಕೇಳಿದ್ದು ಇಷ್ಟು: "ಬೇಗ ಇರ್ಲಿ, ಎರಡು ಸುತ್ತು ಇರ್ಲಿ. ಎರಡನೇ ಕಡಾಯಿ ಬ್ಯಾಡ. ಒತ್ತಡ ಇಳ್ಸಿ. ದಿನಕ್ಕೆ ಒಂದ್ ಸಲ ಯಾರಾದ್ರೂ ದೂರ ನೋಡ್ಲಿ. ಅವ್ರು ನಿಲ್ಸಿ ಅಂದ್ರೆ ಎಲ್ಲಾ ಮನೆನೂ ನಿಲ್ಲಿಸ್ಬೇಕು."

ಶ್ರೀಕಂಠಯ್ಯ ಎರಡು ಸುತ್ತಿಗೆ ಒಪ್ಪಿದ, ದೂರ ನೋಡುವುದಕ್ಕೂ ಒಪ್ಪಿದ. ಕಡಾಯಿಯ ಮಾತು ಬಂದಾಗ ಅವನಿಗಿಂತ ಮೊದಲು ಜನರೇ ಗುಜುಗುಜು ಎಂದರು. ಕಡಾಯಿ ಇಲ್ಲದಿದ್ದರೆ ಕೆಲಸ ಸಂಜೆವರೆಗೂ ಎಳೆಯುತ್ತದಲ್ಲ. ಬಾಣಂತಿಯಾಗಿದ್ದಾಗ ಮಗುವನ್ನು ತಂದು ಕಾಲಿಗೆ ಮುಟ್ಟಿಸಿದ ಹೆಂಗಸೊಬ್ಬಳು ದೇವೀರಕ್ಕನ ಕಣ್ಣು ತಪ್ಪಿಸಿ ಎದ್ದು ಹೋದಳು. ಕಡಾಯಿ ಮತ್ತೆ ಎದ್ದಿತು, ಒತ್ತಡವೂ ಇಳಿಯಲಿಲ್ಲ.

ಸಾಕಮ್ಮ ನಮ್ಮ ಬಾಗಿಲಿಗೆ ಬಂದದ್ದು ಆಗ. ಸೋಪಿನ ಮನೆಯಲ್ಲಿ ಅಚ್ಚಿನಿಂದ ಸೋಪು ಬಿಡಿಸುವ ಕೆಲಸ ಅವಳದು. ಮೂವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಜಯಶೀಲ ಕೊನೆಯದಾಗಿ ಕೂಗಿದ್ದು ಇವಳ ಹೆಸರನ್ನೇ.

"ನಂಗೆ ಸ್ವಲ್ಪ ಕಾಣ್ತದೆ ಅಮ್ಮಾರೆ. ಸಣ್ಣೋಳಿದ್ದಾಗ್ಲಿಂದ. ಹೆದ್ರಿ ಹೇಳಿರ್ಲಿಲ್ಲ," ಎಂದಳು. "ಶೀಲಮ್ಮಾರ್ ಜಾಗ್ದಲ್ಲಿ ಕೂರ್ತೀನಿ. ದೂರದ್ದು ಕಲ್ಸಿ."

ದೇವೀರಕ್ಕ ಅವಳ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಸೋಪಿನ ಕ್ಷಾರಕ್ಕೆ ಚರ್ಮ ಒಡೆದಿತ್ತು. "ಈ ವಯಸ್ನಲ್ಲಿ ಕಲಿಯೋದು ಕಷ್ಟ. ಕಲ್ತ ಮೇಲೆ ಇನ್ನೂ ಕಷ್ಟ," ಎಂದಳು.

ಸೋಪಿನ ಮನೆಗೆ ಅಷ್ಟರಲ್ಲಿ ಬೇರೊಬ್ಬರನ್ನು ಕೂರಿಸಿದ್ದರಿಂದ, ನಮ್ಮ ಬಣ್ಣದ ಮನೆಯಲ್ಲೇ ಎರಡು ಮಳೆಗಾಲ ಕಲಿಸಿದಳು. ಸಾಕಮ್ಮನ ಕೈ ಕೆಳಗೆ, ಇವಳದು ಮೇಲೆ. ಅನ್ನ ಬೇಯುವ ಹೊತ್ತಿನಾಚೆ ಸಾಕಮ್ಮನಿಗೂ ಮಬ್ಬೇ. "ಅದು ಮಬ್ಬಲ್ಲ, ನಿನ್ ಹೆದರಿಕೆ. ಅದರೊಳಕ್ಕೇ ಹೋಗು," ಎಂದು ದೇವೀರಕ್ಕ ಹೇಳುತ್ತಿದ್ದಳು. ಒಮ್ಮೊಮ್ಮೆ ಸಾಕಮ್ಮ ವಾಂತಿ ಮಾಡಿಕೊಳ್ಳುತ್ತಿದ್ದಳು. ಮರುದಿನ ಮತ್ತೆ ಬರುತ್ತಿದ್ದಳು. ಕಲಿಸಿ ಮನೆಗೆ ಬಂದ ದಿನಗಳಲ್ಲಿ ದೇವೀರಕ್ಕ ತನ್ನ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಈ ಕೈಯನ್ನು ಮಗಳ ಕೈಯ ಮೇಲೆ ಇಡಬೇಕಿತ್ತೆಂದು ಒಂದೇ ಒಂದು ಸಲ ಅಂದಳು.

ಹಬ್ಬ ಹತ್ತಿರವಾಗಿ ನಾಲ್ಕೂ ಮನೆಗಳು ಬಿಡುವಿಲ್ಲದೆ ಓಡುತ್ತಿದ್ದ ಒಂದು ದಿನ, ನಮ್ಮ ಕೊಳವೆಯ ಮೇಲೆ ಕೈ ಇಟ್ಟಿದ್ದ ಸಾಕಮ್ಮ ಬಹಳ ಹೊತ್ತು ಕದಲಲಿಲ್ಲ. ಆಮೇಲೆ ಕಣ್ಣು ಬಿಟ್ಟು ಪುಟ್ಟಯ್ಯನನ್ನು ನೋಡಿದಳು, ನೋಡಲಾರದೆ ಮುಖ ತಿರುಗಿಸಿದಳು. ದೇವೀರಕ್ಕ ತಾನೂ ಕೈ ಇಟ್ಟು ನೋಡಿದಳು. ಆಮೇಲೆ ನನಗೆ, "ಕೂಗು. ಎಲ್ಲಾ ಮನೆ ನಿಲ್ಲಿಸ್ಲಿ. ಬೆಂಕಿ ಎಳೀಲಿ. ಪೂರ್ತಿ ಕೂಡಿಸ್ಬೇಕು," ಎಂದಳು.

ಕೂಗಿದೆ. ಗಿರಣಿಯಲ್ಲಿ ಅರ್ಧ ಒಣಗಿದ ಕಾಗದ ಉರುಳೆಯ ಮೇಲೆಯೇ ಮುದುಡಿತು. ನಮ್ಮ ತೊಟ್ಟಿಗಳಲ್ಲಿ ಬಣ್ಣ ಕುಳಿತು ಬಟ್ಟೆ ಮಚ್ಚೆಮಚ್ಚೆಯಾಯಿತು. ಹೊಸ ಕಡಾಯಿಯ ಸೋಪು ಗಟ್ಟಿಯಾಗಿ, ಹಾರೆ ಹಾಕಿ ಒಡೆಯಬೇಕಾಯಿತು. ಬೆಳಗಿನಿಂದ ಸಂಜೆವರೆಗೆ ಸುತ್ತಿನ ಮೇಲೆ ಸುತ್ತು ನಡೆಯಿತು. ಜನ ಅಂಗಳದಲ್ಲಿ ಕೂತು ಬೈದುಕೊಂಡರು. ಕಣಿ ಕೂಡಿತು. ಚಕ್ರ ತಿರುಗಿತು. ಹಬೆ ಮೆಲ್ಲಗೆ ಏರಿತು. ಏನೂ ಆಗಲಿಲ್ಲ.

ಶ್ರೀಕಂಠಯ್ಯ ಮೆಟ್ಟಿಲು ಹತ್ತಿ ಮೇಲೆ ಬಂದ. ಹಿಂದೆ ಜನ. "ಏನ್ ಕಂಡ್ರಮ್ಮ ಅಂಥದ್ದು?"

ಸಾಕಮ್ಮ ಎದ್ದು ನಿಂತು ಹೇಳಿದಳು. "ಪುಟ್ಟಯ್ಯಣ್ಣ ಬಿದ್ದಿತ್ತು. ಮುಖ ಇರ್ಲಿಲ್ಲ. ಇನ್ನೂ ಸುಮಾರು ಜನ ಇದ್ರು."

ಪುಟ್ಟಯ್ಯ ಅಲ್ಲೇ, ಬೀಡಿ ಹಿಡಿದು ನಿಂತಿದ್ದ. ಯಾರೋ ನಕ್ಕರು. "ಮುಖ ಇಲ್ಲೇ ಅದೆಯಲ್ಲ, ಏನ್ ಅಂದವಾಗಿಲ್ಲ ಅಷ್ಟೇ," ಅಂದ ಒಬ್ಬ. ಪುಟ್ಟಯ್ಯನೂ ನಗಲು ನೋಡಿದ. ಆದರೆ ಅವನ ಕೈ ಕೆನ್ನೆಯ ಮೇಲೆ ಹೋಯಿತು.

ಮಾರನೆಯ ದಿನ ದೇವೀರಕ್ಕನನ್ನು ಕೆಲಸದಿಂದ ಬಿಡಿಸಿದರು. ವಯಸ್ಸಾಯಿತು, ಹಳೆಯ ದುಃಖ ಕಣ್ಣಿಗೆ ಕಟ್ಟಿದೆ, ಕಂಡದ್ದೆಲ್ಲ ಸಾವಾಗಿಯೇ ಕಾಣುತ್ತದೆ ಎಂದು ಊರು ಮಾತಾಡಿಕೊಂಡಿತು. ಅವಳು ಕೊಳವೆಯಿಂದ ಕೈ ತೆಗೆದು ಎದ್ದಳು. ಹೋಗುವಾಗ ಪುಟ್ಟಯ್ಯನ ಮುಂದೆ ಸ್ವಲ್ಪ ಹೊತ್ತು ನಿಂತು ಅವನ ಮುಖವನ್ನು ಕಣ್ತುಂಬ ನೋಡಿದಳು. ಅವನು ಮುಜುಗರದಿಂದ ಚಕ್ರ ಒರೆಸತೊಡಗಿದ.

ಬೇರೆ ಯಾರೂ ಇಲ್ಲವೆಂದು ಅವಳ ಜಾಗಕ್ಕೆ ಸಾಕಮ್ಮನನ್ನೇ ಕೂರಿಸಿದರು. ಇನ್ನು ಹೀಗೆ ಸುಮ್ಮಸುಮ್ಮನೆ ನಿಲ್ಲಿಸಿದರೆ ನಿನಗೂ ಇದೇ ಗತಿ ಎಂದು ಶ್ರೀಕಂಠಯ್ಯ ಅವಳಿಗೆ ಮೆಲುದನಿಯಲ್ಲಿ ಹೇಳಿ ಹೋದ. ಅವಳು ತಲೆಯಾಡಿಸಿದಳು. ಸೆರಗಿನಿಂದ ಅಂಗೈ ಒರೆಸಿಕೊಂಡು ಕೊಳವೆಯ ಮೇಲೆ ಇಟ್ಟು ಕಣ್ಣು ಮುಚ್ಚಿದಳು. ಅನ್ನ ಬೇಯುವ ಹೊತ್ತು ಕಳೆಯಿತು. ಅವಳು ಕೈ ತೆಗೆಯದೆ ದೂರ ನೋಡುತ್ತಲೇ ಇದ್ದಳು. ನಾನು ಮಾತಿನ ಕೊಳವೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅವಳ ಬಾಯನ್ನೇ ನೋಡುತ್ತ ಕೂತೆ.